ಮೇಬಾನ್, ಮೇಹೂಣ, ಮೆಹಮಾನ್

ಚಿಕ್ಕೋಡಿಯ ಆ ಓಣಿಯಲ್ಲಿ ಮೊಬೈಲಿಗೆ ರೇಂಜು ಸಿಗುವುದು ಮಾಳಿಗೆಯ ಮೇಲೆ, ಅದೂ ನೀರಿನ ಟಾಕಿಗೆ ಬೆನ್ನು ಹಚ್ಚಿ ನಿಂತರೆ ಮಾತ್ರ. ಹೀಗಾಗಿ ಅಲ್ಲಿ ಗುಟ್ಟಿನ ಮಾತುಗಳನ್ನೆಲ್ಲ ಕೂಗಿಯೇ ಹೇಳಬೇಕು. ಶನಿವಾರ ಸಂಜೆ ಹೈಸ್ಕೂಲಿನ ಭೂಗೋಳದ ಸುಹಾಸ ಮಾಸ್ತರ ಹಾಗೆ ಬೆನ್ನು ಹಚ್ಚಿ ನಿಂತು, ಬೇಡಕಿಹಾಳದ ತವರಿಗೆ ಹೋಗಿ ಇಪ್ಪತ್ತೆರಡು ದಿನವಾಗಿದ್ದ ಹೆಂಡತಿಗೆ ವಾಯ್ಸ್ ಮೆಸೇಜು ಬಿಟ್ಟ.

"ರೂಪಾಲಿ, ನಾಳಿ ನಮ್ಮ ಮನ್ಯಾಗ ಮೇಬಾನ್ ಐತಿ! ಎಲ್ಲಾ ನಾನ ಬೇಕ್ ಮಾಡ್ತೀನಿ. ನೀ ಬರಾಕ ಬೇಕ್!"

ಪಕ್ಕದ ಮಾಳಿಗೆಯಲ್ಲಿ ಒಣಗಿದ ಅರಿವೆ ತೆಗೆಯುತ್ತಿದ್ದ ಲಕ್ಕವ್ವನ ಕಿವಿ ಸ್ವಲ್ಪ ಮಂದ. ಆದರೆ ಕೇಳದೇ ಉಳಿದದ್ದನ್ನು ತಾನೇ ತುಂಬಿಕೊಳ್ಳುವ ಬುದ್ಧಿ ಬಲು ಚುರುಕು. ಮಾಸ್ತರನ ಬಾಯಿಂದ ಹೊರಟ ಮೇಬಾನ್ ಆಕೆಯ ಕಿವಿ ಮುಟ್ಟುವಷ್ಟರಲ್ಲಿ ಮೇಹೂಣ ಆಗಿತ್ತು. ಗಡಿಯಾಚೆಯ ಮರಾಠಿಯಿಂದ ಆ ಕಡೆ ಬಂದು ನೆಲೆಸಿದ ಮಾತು ಅದು. ಗಂಡ-ಹೆಂಡಿರ ಜೋಡಿಯನ್ನು ಸಾಕ್ಷಾತ್ ಶಿವ-ಪಾರ್ವತಿ ಎಂದು ತಿಳಿದು ಮನೆಗೆ ಕರೆದು, ಕಾಲು ತೊಳೆದು, ಹೊಟ್ಟೆ ತುಂಬ ಉಣಿಸಿ, ಉಡಿ ತುಂಬಿ ಕಳಿಸುವುದಕ್ಕೆ ಮೇಹೂಣ ಉಣಿಸುವುದು ಎನ್ನುತ್ತಾರೆ. ಲಕ್ಕವ್ವ ಅರಿವೆಯನ್ನು ಅಲ್ಲೇ ಬಿಟ್ಟು ಇಳಿದಳು, ಎದುರುಮನೆಯ ಖೈರುನ್ನಿಸಾಳಿಗೆ ಹೇಳಿದಳು. ಖೈರುನ್ನಿಸಾ ಗಂಡ ಹುಸೇನಮಿಯಾನಿಗೆ ಹೇಳಿದಳು. ಆ ಮನೆಯ ಹೊಸ್ತಿಲು ದಾಟುವಾಗ ಮೇಹೂಣ ಉರ್ದುವಿನ ಮೆಹಮಾನ್, ಎಂದರೆ ಅತಿಥಿ, ಆಯಿತು.

ಮಾಸ್ತರನಿಗೆ ಇದಾವುದೂ ಗೊತ್ತಿಲ್ಲ. ಅವನು ಫೋನನ್ನೇ ನೋಡುತ್ತಿದ್ದ. ಅರ್ಧ ಗಂಟೆಯ ಮೇಲೆ ಉತ್ತರ ಬಂತು. ಒಂದೇ ಶಬ್ದ: "ನೋಡ್ತೀನಿ."

ಬರ್ತೀನಿ ಅಲ್ಲ. ಬರೂದಿಲ್ಲ ಅಲ್ಲ. ನೋಡ್ತೀನಿ. ಆ ಒಂದು ಶಬ್ದವನ್ನು ಮತ್ತೆ ಮತ್ತೆ ನೋಡಲು ಅವನು ಕತ್ತಲಾಗುವ ತನಕ ಮಾಳಿಗೆಯಿಂದ ಇಳಿಯಲೇ ಇಲ್ಲ.

ಈ ಮೇಬಾನ್ ಎಂಬುದು ರೂಪಾಲಿ ಮನೆಗೆ ತಂದ ಹಬ್ಬ. ಯೂಟ್ಯೂಬಿನಲ್ಲಿ ಇಂಗ್ಲೆಂಡಿನ ಯಾವುದೋ ಹಳ್ಳಿಯ ಬಿಳಿತಲೆಯ ಅಜ್ಜಿಯೊಬ್ಬಳು ಆಕೆಗೆ ಗಂಟುಬಿದ್ದಿದ್ದಳು. ಅಲ್ಲಿ ಹಳೇ ಕಾಲದ ದೇವರುಗಳನ್ನು ಮತ್ತೆ ಹಿಡಿದುಕೊಂಡ ಕೆಲವು ಮಂದಿ ಸೆಪ್ಟೆಂಬರಿನಲ್ಲಿ ಹಗಲೂ ರಾತ್ರಿಯೂ ಸಮ ತೂಗುವ ದಿನ ಈ ಹಬ್ಬ ಮಾಡುತ್ತಾರಂತೆ. ಹೊಲದ ಬೆಳೆಯಿಂದಲೇ ಮನೆ ಸಿಂಗರಿಸಿ, ಕುಂಬಳಕಾಯಿ ಹಾಕಿ ಬ್ರೆಡ್ಡು ಮಾಡಿ, ಭೂಮಿಗೆ ಶರಣೆಂದು ಹಂಚಿಕೊಂಡು ತಿನ್ನುತ್ತಾರಂತೆ. "ಅಯ್ಯ, ನಮ್ಮ ಶೀಗಿ ಹುಣ್ಣಿವಿ ಅಲ್ಲೂ ಐತಿ ನೋಡ್ರಿ" ಎಂದು ರೂಪಾಲಿ ಹಿಗ್ಗಿದ್ದಳು. "ನಾವು ಭೂಮಿತಾಯಿಗೆ ಎಡಿ ಅಂತ ಹೊಲದಾಗ ಚರಗಾ ಚೆಲ್ತೀವಿ, ಅವರು ಬ್ರೆಡ್ ಮುರೀತಾರ. ಅಷ್ಟ ಫರಕ." ಒಂಬತ್ತು ವರ್ಷದಿಂದ ಹಗಲು-ರಾತ್ರಿ ಸಮ ಎಂಬುದನ್ನು ಎರಡು ಅಂಕದ ಪ್ರಶ್ನೆಯಾಗಿ ಕಲಿಸುತ್ತ ಬಂದ ಮಾಸ್ತರನಿಗೆ, ಅದನ್ನು ಹಬ್ಬವಾಗಿಯೂ ಉಣ್ಣಬಹುದೆಂದು ಹೊಳೆದೇ ಇರಲಿಲ್ಲ.

ಹಬ್ಬಕ್ಕೆ ಮುಂಚೆ ಕೈ ಪಳಗಲೆಂದು ಆಗಸ್ಟಿನಲ್ಲಿ ರೂಪಾಲಿ ಇಡೀ ದಿನ ನಿಂತು ಮೊದಲ ಬ್ರೆಡ್ಡು ಮಾಡಿದಳು. ಆ ಸಂಜೆ ಮನೆಗೆ ಶಾಲೆಯ ಮೂವರು ಮಾಸ್ತರರು ಬಂದಿದ್ದರು. ಸುಹಾಸನಿಗೆ ಮಂದಿ ಕಂಡರೆ ಬಾಯಿ ನಿಲ್ಲುವುದಿಲ್ಲ. ಬ್ರೆಡ್ಡನ್ನು ಎತ್ತಿ ತಾಟಿನ ಮೇಲೆ ಠಣ್ ಠಣ್ ಎಂದು ಬಡಿದು, ಹೆಡ್ ಮಾಸ್ತರರ ದನಿ ತೆಗೆದು, "ಎಲ್ಲಾರೂ ಪ್ರಾರ್ಥನಾಕ್ಕ ಸಾಲಾಗಿ ನಿಲ್ರಿ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ರೂಪಾಲಿಯೂ ನಕ್ಕಳು. ಮರುದಿನ ಬೆಳಿಗ್ಗೆ ಬ್ಯಾಗು ತುಂಬಿಕೊಂಡು, "ನೀವ ಒಂದ ದಿನಾ ಮಾಡಿ ನೋಡ್ರಿ" ಎಂದು ಹೇಳಿ ಬೇಡಕಿಹಾಳದ ಗಾಡಿ ಹತ್ತಿದಳು.

ಅಂದಿನಿಂದ ಮನೆ ರಜೆಯ ದಿನದ ಶಾಲೆಯಂತಾಗಿತ್ತು. ಚಹಾಕ್ಕೆ ಕೈ ತಾನಾಗಿ ಎರಡು ಕಪ್ಪು ನೀರು ಅಳೆಯುತ್ತಿತ್ತು. ಸಂಜೆ ಅವನು ಆ ಬಿಳಿತಲೆ ಅಜ್ಜಿಯ ವಿಡಿಯೋಗಳನ್ನು ಮಾಳಿಗೆಯ ಮೇಲೆ ಡೌನ್‌ಲೋಡು ಮಾಡಿಕೊಂಡು ಬಂದು ಅಡಿಗೆಮನೆಯಲ್ಲಿ ಹಚ್ಚಿಟ್ಟು, ತಾನು ಹೊರಗೆ ಕೂತು ಪೇಪರು ಓದುತ್ತಿದ್ದ. ಒಳಗಿನಿಂದ ಆ ದನಿ ಬರುತ್ತಿದ್ದರೆ ಅಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಭಾನುವಾರ ಐದಕ್ಕೇ ಎದ್ದ. ಮೊದಲು ಕುಂಬಳಕಾಯಿ. ಹೆಣ್ಣುಮಕ್ಕಳು ಇಡೀ ಕುಂಬಳಕಾಯಿ ಒಡೆಯಬಾರದೆಂದು ರೂಪಾಲಿ ಯಾವಾಗಲೂ ಅದನ್ನು ತಂದು ಅವನ ಮುಂದಿಟ್ಟು, "ಮೊದಲನೇ ಏಟ ನೀವ ಹಾಕ್ರಿ" ಎನ್ನುತ್ತಿದ್ದಳು. ಅವನು "ನ್ಯೂಸ್ ಮುಗೀಲಿ ತಡಿ" ಎನ್ನುತ್ತಿದ್ದ. ಈಗ ಯಾರೂ ಹೇಳದೆಯೇ ಏಟು ಹಾಕಿದ. ಕಾಯಿ ಉರುಳಿ ಮಂಚದ ಕೆಳಗೆ ಹೋಯಿತು.

ಓವನ್ನಿಗೂ ಅವನಿಗೂ ಅಂದೇ ಮೊದಲ ಭೇಟಿ. ಅಜ್ಜಿ ನೂರಾ ಎಂಬತ್ತು ಡಿಗ್ರಿ ಎಂದಳು. ಭೂಗೋಳದ ಮಾಸ್ತರನಿಗೆ ನೂರಾ ಎಂಬತ್ತು ಡಿಗ್ರಿ ಎಂದರೆ ಅಂತರರಾಷ್ಟ್ರೀಯ ದಿನಾಂಕ ರೇಖೆ. ಅದನ್ನು ದಾಟಿದ ಬ್ರೆಡ್ಡು ನಾಳೆ ಹೊರಗೆ ಬರುತ್ತದೋ ನಿನ್ನೆ ಬರುತ್ತದೋ ಎಂದು ಯೋಚಿಸುತ್ತ ಸೋಡಾ ಹಾಕಿದ. ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದ. ಹೊರಬಂದ ಬ್ರೆಡ್ಡು ಬಡಗಣ ತುದಿಯಲ್ಲಿ ಹಿಮಾಲಯದಂತೆ ಎದ್ದು, ನಡುವೆ ದಖ್ಖನ್ನಿನಂತೆ ಬಿರಿದು, ತೆಂಕಣ ತುದಿಯಲ್ಲಿ ಸೀದಾ ಸಮುದ್ರಕ್ಕಿಳಿದಿತ್ತು. ಆದರೂ ಮಾಸ್ತರ ಅದರ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತ. ತಾನು ಮಾಡಿದ್ದು ಎಂಬ ಮಮತೆ ಎಷ್ಟು ಬೇಗ ಬರುತ್ತದೆ ಎಂದು ಅವನಿಗೇ ಅಚ್ಚರಿಯಾಯಿತು.

ಆಮೇಲೆ ಸಿಂಗಾರ. ವಿಡಿಯೋದಲ್ಲಿ ಕೆಂಪು ಎಲೆಗಳ ಉಂಗುರವನ್ನು ಬಾಗಿಲಿಗೆ ತೂಗುಹಾಕಿದ್ದರು. ಚಿಕ್ಕೋಡಿಯಲ್ಲಿ ಕೆಂಪು ಎಲೆ ಎಲ್ಲಿಂದ ಬರಬೇಕು? ಕಬ್ಬಿನ ಒಣಗಿದ ಎಲೆ, ರವದಿ, ತಂದು ಸುತ್ತಿ ಉಂಗುರ ಮಾಡಿ, ನಡುನಡುವೆ ಚೆಂಡು ಹೂವು ಸಿಗಿಸಿ, ಬಾಗಿಲ ನೆತ್ತಿಗೆ ಕಟ್ಟಿದ. ಎರಡೂ ಬದಿಗೆ ಮೆಕ್ಕೆಜೋಳದ ತೆನೆ ತೂಗುಬಿಟ್ಟ. ಬೇಡಕಿಹಾಳದ ಗಾಡಿ ಬರುವುದು ಐದಕ್ಕೆ. ಮೂರಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು ಕೂತ.

ಮೂರೂ ಹತ್ತಕ್ಕೆ ಬಾಗಿಲು ಬಡಿಯಿತು. ಓಡಿದ. ತೆರೆದರೆ ಲಕ್ಕವ್ವನ ಗಂಡ ಧರೆಪ್ಪ, ಗಂಜಿ ಹಾಕಿದ ಧೋತರ, ಹಳದಿ ರುಮಾಲು. ಪಕ್ಕದಲ್ಲಿ ಲಕ್ಕವ್ವ, ಮಗಳ ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ.

"ಯಾಕೋ ಮಾಸ್ತರ, ಬಾಗಲಿಗೆ ಸಿಂಬಿ ಕಟ್ಟೀದಿ?" ಧರೆಪ್ಪ ಕತ್ತೆತ್ತಿ ಕೇಳಿದ. "ಕೊಡಾ ಎಲ್ಲೈತಿ?"

"ಸಿಂಬಿ ಅಲ್ರಿ ಕಾಕಾ, ಅದು ಹಬ್ಬದ... ಬರ್ರಿ, ಏನ್ ಕೆಲಸ ಇತ್ರಿ?"

"ಕೆಲಸ ಏನೋ? ಊಟಾ!"

"ಸುದ್ದಿ ತಿಳೀತಪಾ" ಎನ್ನುತ್ತ ಲಕ್ಕವ್ವ ಒಳಗೆ ಬಂದಳು. "ಮನಿಮಂದಿ ಇದ್ದಂಗ, ನಮಗೇನ ಕರಿಯಾಕ ಬ್ಯಾಡ. ಪಿತೃಪಕ್ಷದಾಗ ಮೇಹೂಣ ಉಣಸೂದು ನಾ ಎಲ್ಲೂ ಕೇಳಿಲ್ಲ. ಆದ್ರ ಹೆಂಡ್ತಿ ಮನ್ಯಾಗ ಇಲ್ಲದಾಂವಗ ಪಂಚಾಂಗ ಯಾರ ಹೇಳ್ತಾರ? ಹೋಗ್ಲಿ ಬಿಡ."

ಮಾಸ್ತರ ಬಾಯಿ ತೆರೆಯುವುದರೊಳಗೆ ಅತ್ತರಿನ ಘಮದ ಹಿಂದೆ ಹುಸೇನಮಿಯಾ ಬಂದ. ಅವನ ಹಿಂದೆ ಜರಿ ದುಪಟ್ಟದ ಖೈರುನ್ನಿಸಾ. ಹುಸೇನಮಿಯಾ ನಲವತ್ತು ವರ್ಷ ಬೇಕರಿಯ ಭಟ್ಟಿಯ ಮುಂದೆ ನಿಂತು ಈಗ ಮನೆಯಲ್ಲಿ ಕೂತವನು. ಕೈಯಲ್ಲಿ ನಾನಕಟಾಯಿಯ ಡಬ್ಬಿ.

"ಮೆಹಮಾನ್ ಬರೀ ಕೈಲೆ ಬರಬಾರ್ದು ನೋಡ" ಎಂದು ಡಬ್ಬಿಯನ್ನು ಮಾಸ್ತರನ ಕೈಗಿಟ್ಟ.

"ಚಾಚಾ, ಮೆಹಮಾನ್ ಅಂತ ಯಾರ ಹೇಳಿದ್ರು?"

"ಅರೆ! ನೀನ ಮಾಳಗಿ ಮ್ಯಾಲ ನಿಂತ ಓಣಿಗೆಲ್ಲಾ ಕೂಗೀಯಂತಲ್ಲೋ, ನಾಳಿ ನಮ್ಮ ಮನ್ಯಾಗ ಮೆಹಮಾನ್ ಐತಿ ಅಂತ!"

"ಅದು ಮೇಬಾನ್ ರೀ."

"ಅದನ್ನ ನಾನೂ ಅಂದೆ" ಎಂದಳು ಲಕ್ಕವ್ವ. "ಮೇಹೂಣ."

"ಮೇ-ಬಾನ್!"

"ಮೆಹ-ಮಾನ್!" ಹುಸೇನಮಿಯಾ ಉಚ್ಚಾರ ತಿದ್ದಿದ.

ಮೂರು ಶಬ್ದಗಳು ಗಾಣದ ಎತ್ತಿನಂತೆ ಸುತ್ತತೊಡಗಿದವು. ಕೊನೆಗೆ ಧರೆಪ್ಪ ಕೈಯೆತ್ತಿ ತೀರ್ಪು ಕೊಟ್ಟ. "ಸುಮ್ಮನಿರ್ರಿ ಎಲ್ಲಾರೂ. ಕನ್ನಡದಾಗ ನೋಡ್ರಿ. ಮೇ ಅಂದ್ರ ಕುರಿ. ಬಾನ ಅಂದ್ರ ಅನ್ನ. ಕುರಿ ಅನ್ನ ಮಾಡ್ಯಾನ ಮಾಸ್ತರ! ವಾಸನಿ ಯಾಕ ಇಲ್ಲೋ?"

ಬಂದವರನ್ನು ಹೊರಗೆ ಕಳಿಸುವ ಪಾಠ ಯಾವ ಟ್ರೇನಿಂಗಿನಲ್ಲಿಯೂ ಇರುವುದಿಲ್ಲ. ಮಾಸ್ತರ ಚಾಪೆ ಹಾಸಿದ. ಎರಡೂ ಜೋಡಿ ಕೂತವು. ಲಕ್ಕವ್ವ ಸೀರೆಯ ನಿರಿಗೆ ಎತ್ತಿ ಕಾಲು ಮುಂದೆ ಚಾಚಿದಳು.

"ಮೊದಲ ಕಾಲ ತೊಳೀಬೇಕ. ಗಂಡಾ ನೀರ ಹಾಕ್ಬೇಕ, ಹೆಂಡ್ತಿ ತೊಳೀಬೇಕ. ಎಲ್ಲಿ ನಿನ್ನ ಹೆಂಡ್ತಿ?"

ಇಪ್ಪತ್ಮೂರು ದಿನದಲ್ಲಿ ಓಣಿಯಲ್ಲಿ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದುದೇ ಅದಕ್ಕೆ ಕಾರಣ. ಮಾಸ್ತರ ತಂಬಿಗೆ ಹಿಡಿದು ನಿಂತವನು ಗೋಡೆಯ ಕಡೆ ನೋಡಿದ.

"ಬರ್ತಾಳ್ರಿ. ಐದರ ಗಾಡಿಗೆ."

"ಖರೇನ?"

"ನೋಡ್ತೀನಿ ಅಂದಾಳ್ರಿ."

ಲಕ್ಕವ್ವ ಕಾಲು ಹಿಂದೆಗೆದುಕೊಂಡಳು. "ಹಂಗಾರ ಐದರ ತನಕಾ ತಡ್ಯೋಣು. ಕಾಲ ಎಲ್ಲಿ ಹೋಗ್ತಾವ? ಅಲ್ಲೀತನಕಾ ಏನ ಮಾಡೀದಿ ತಾ."

ಬ್ರೆಡ್ಡು ತರುವ ಮುಂಚೆ ಹಬ್ಬದ ಅರ್ಥವನ್ನಾದರೂ ತಿಳಿಸೋಣವೆಂದು ಮಾಸ್ತರ ಉಳಿದ ಅರ್ಧ ಕುಂಬಳಕಾಯಿ ತಂದ. ಇದು ಭೂಮಿ ಎಂದ. ಮೇಲೆ ಉರಿಯುವ ಬಲ್ಬು ಸೂರ್ಯ ಎಂದ. ಕುಂಬಳಕಾಯಿಯನ್ನು ಓರೆಯಾಗಿ ಹಿಡಿದು ಬಲ್ಬಿನ ಸುತ್ತ ತಾನೂ ತಿರುಗಿದ. ಧರೆಪ್ಪನಿಗೆ ಮೊದಲ ಸುತ್ತಿನಲ್ಲೇ ಕಣ್ಣು ಜಂಪು ಹಿಡಿಯಿತು.

"ಒಟ್ಟಿನ್ಯಾಗ ಇವತ್ತ ಹಗಲೂ ರಾತ್ರೀನೂ ಸಮಾ ರೀ. ಒಂದಕ್ಕಿಂತ ಒಂದ ಹೆಚ್ಚಿಲ್ಲ, ಕಡಿಮಿಲ್ಲ."

"ಎಲ್ಲಾನೂ ಸಮಾ?" ಲಕ್ಕವ್ವ ಕೇಳಿದಳು.

"ಎಲ್ಲಾನೂ."

"ಗಂಡಸ್ರು, ಹೆಂಗಸ್ರು?"

ಪಾಠದ ಹುರುಪಿನಲ್ಲಿದ್ದ ಮಾಸ್ತರ, "ಅದಕ್ಕ ನೋಡ್ರಿ ಕಾಕು, ಇವತ್ತ ನಾನ ಒಲೀ ಮುಂದ ನಿಂತೀನಿ" ಎಂದುಬಿಟ್ಟ. ಲಕ್ಕವ್ವ ತಿರುಗಿ, ತೂಕಡಿಸುತ್ತಿದ್ದ ಧರೆಪ್ಪನನ್ನು ಒಮ್ಮೆ ನೋಡಿದಳು. ಆ ನೋಟಕ್ಕೆ ನಲವತ್ತೆರಡು ವರ್ಷ ವಯಸ್ಸಾಗಿತ್ತು.

ಬ್ರೆಡ್ಡು ಬಂತು, ಜೊತೆಗೆ ಚಹಾ. ಹುಸೇನಮಿಯಾ ಅದನ್ನು ಹೆಬ್ಬೆರಳಿನಿಂದ ಒತ್ತಿದ. ವೈದ್ಯರು ಹೊಟ್ಟೆ ಒತ್ತಿ ಮನೆಯವರ ಮುಖ ನೋಡುತ್ತಾರಲ್ಲ, ಹಾಗೆ ನೋಡಿದ.

"ಸೋಡಾ ಎಷ್ಟ ಸಲ ಹಾಕೀದಿ?"

"ಎರಡ ಸಲ ರೀ."

"ಯಾಕ?"

"ಮೊದಲನೇದ್ದು ಮರತೆ ರೀ."

ಎಚ್ಚರಾದ ಧರೆಪ್ಪ ಒಂದು ತುಂಡನ್ನು ಕೈಯಲ್ಲಿ ತೂಗಿ ನೋಡಿದ. "ಮಾಸ್ತರ, ಇದನ್ನ ತಿನ್ನಾಕ ಯಾಕ ಕೆಡಸ್ತಿ? ಕಬ್ಬಿನ ಟ್ರಾಲಿ ಏರಿನ್ಯಾಗ ನಿಂತಾಗ ಗಾಲಿಗೆ ಅಡ್ಡ ಇಡಾಕ ಭಾಳ ಚಲೋ ಐತಿ. ಟ್ರಾಲಿ ಅಲ್ಲ, ಫ್ಯಾಕ್ಟರೀನ ನಿಂದರ್ತೈತಿ!"

ಹುಸೇನಮಿಯಾ ನಕ್ಕು ನಕ್ಕು ಕೆಮ್ಮಿದ. ಮಾಸ್ತರನೂ ನಕ್ಕ. ನಕ್ಕು, ನೀರು ತರುತ್ತೇನೆಂದು ಅಡಿಗೆಮನೆಗೆ ಹೋಗಿ, ನೀರು ತುಂಬದೆ ನಿಂತುಬಿಟ್ಟ. ನಸುಕಿನ ಐದರಿಂದ ಮಾಡಿದ್ದು. ಎಲ್ಲರೊಡನೆ ತಾನೂ ನಕ್ಕಿದ್ದ, ಆದರೆ ಆ ನಗು ಮುಖದ ಮೇಲಷ್ಟೇ ಇತ್ತು. ರೂಪಾಲಿ ಆ ಸಂಜೆ ಇದೇ ಜಾಗದಲ್ಲಿ ನಿಂತಿದ್ದಳೇನೋ. ಇದೇ ತಂಬಿಗೆ ಹಿಡಿದಿದ್ದಳೇನೋ.

ಹೊರಗೆ ಬಂದಾಗ ಖೈರುನ್ನಿಸಾ ಒಬ್ಬಳೇ ಸದ್ದಿಲ್ಲದೆ ತನ್ನ ತುಂಡನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು. "ನಗಲಿ ಬಿಡ ಬೇಟಾ. ನಮ್ಮ ಇವ್ರು ಊರಿಗೆಲ್ಲಾ ಖಾರಿ ಬಿಸ್ಕೀಟ ಹಂಚ್ಯಾರ, ಮನ್ಯಾಗ ಖಾಲಿ. ನನಗಂತ ಒಂದ ಟೋಸ್ಟ ಮಾಡಿ ಕೊಟ್ಟವರಲ್ಲ. ನೀ ಹೆಂಡ್ತಿ ಸಲುವಾಗಿ ಮಾಡೀಯಲ್ಲಾ, ಗಟ್ಟಿ ಇದ್ರ ಇರ್ಲಿ, ಹಲ್ಲ ಗಟ್ಟಿ ಆಗ್ತಾವ."

ಹುಸೇನಮಿಯಾನ ಕೆಮ್ಮು ಫಕ್ಕನೆ ನಿಂತಿತು.

ಐದಾಯಿತು. ಸ್ಟ್ಯಾಂಡಿನ ಕಡೆ ಗಾಡಿಯ ಹಾರ್ನು ಕೇಳಿಸಿತು. ಮಾಸ್ತರ ಬಾಗಿಲಿಗೆ ಹೋಗಿ ನಿಂತ. ಸ್ಟ್ಯಾಂಡಿನಿಂದ ಓಣಿಗೆ ಹತ್ತು ನಿಮಿಷದ ದಾರಿ. ಹತ್ತು ನಿಮಿಷವಾಯಿತು. ಮೂಲೆಯಲ್ಲಿ ಹಸಿರು ಸೀರೆ ಕಂಡಿತು. ಬೇರೆ ಯಾರೋ. ಕಾಲು ಗಂಟೆಯಾಯಿತು. ಮಾಸ್ತರ ಫೋನನ್ನೂ ಬ್ರೆಡ್ಡಿನ ಒಂದು ತುಂಡನ್ನೂ ಹಿಡಿದು ಮಾಳಿಗೆ ಹತ್ತಿದ, ಟಾಕಿಗೆ ಬೆನ್ನು ಹಚ್ಚಿ ವಿಡಿಯೋ ಕಾಲ್ ಹಚ್ಚಿದ.

ರೂಪಾಲಿಯ ಮುಖ ಬಂತು. ಹೆಗಲಿಗೆ ಬ್ಯಾಗು.

"ಐದರ ಗಾಡಿ ತಪ್ಪಿತ್ರಿ. ಅವ್ವ ದಾರ್ಯಾಗ ಉಣ್ಣಾಕ ಕಟ್ಟಿ ಕೊಡ್ತೀನಿ ಅಂತ ತಡಾ ಮಾಡಿದ್ಲು. ಮುಂದಿನ ಗಾಡಿಗೆ ಹೊಂಟೀನಿ."

ಮಾಸ್ತರ ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಫೋನಿಗೆ ಹಿಡಿದ.

"ನೀವ ಮಾಡೀರಿ?"

"ನಾನ. ರೂಪಾಲಿ... ಅವತ್ತ ನಾ ಮಂದಿ ಮುಂದ ನಗ್ಯಾಡಿದ್ನಲ್ಲಾ."

"ಹೂಂ."

"ಇವತ್ತ ನನಗೂ ನಗ್ಯಾಡಿದ್ರು."

ರೇಂಜು ಹೋಯಿತೇನೋ ಎಂದು ಅವನು ಟಾಕಿಗೆ ಇನ್ನಷ್ಟು ಅಂಟಿಕೊಂಡ. ಆಮೇಲೆ ಆಕೆ ನಕ್ಕಳು. ಆ ಆಗಸ್ಟಿನ ನಗುವಲ್ಲ. "ಮನಸಿಗೆ ಭಾಳ ಹತ್ತಿತೇನ್ರಿ?" ಎಂದಳು. "ಹತ್ತಿತು" ಎಂದ. "ತಡೀರಿ, ಬಂದ ಬಿಡ್ತೀನಿ" ಎಂದಳು.

ಅಷ್ಟಕ್ಕೆ ಫೋನು ಇಟ್ಟುಬಿಟ್ಟಿದ್ದರೆ ಈ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಲಕ್ಕವ್ವ ಏದುಸಿರು ಬಿಡುತ್ತ ಮೇಲೆ ಬಂದಳು, ಹಿಂದೆ ಖೈರುನ್ನಿಸಾ.

"ಕೊಡ ಇಲ್ಲಿ, ಲಗೂ ಬಾ ಅಂತ ನಾ ಹೇಳ್ತೀನಿ. ನೀ ಇಳಿ. ಹೆಂಗಸರ ಮಾತು."

ಮಾಸ್ತರ ಹಾರುತ್ತ ಇಳಿದ. ಕಸ ಗುಡಿಸಿದ, ಹಾಸಿಗೆಗೆ ಹೊಸ ಚಾದರ ಹಾಸಿದ, ಕನ್ನಡಿಯಲ್ಲಿ ತಲೆ ಬಾಚಿದ. ಧರೆಪ್ಪ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಇಪ್ಪತ್ತು ನಿಮಿಷವಾದ ಮೇಲೆ ಹೆಂಗಸರು ಕೆಳಗಿಳಿದರು, ಫೋನು ಅವನ ಕೈಗಿಟ್ಟು ತಮ್ಮ ತಮ್ಮ ಮನೆಗೆ ಹೋದರು. ಐದೇ ನಿಮಿಷದಲ್ಲಿ ಒಬ್ಬೊಬ್ಬರು ಒಂದೊಂದು ಕೈಚೀಲ ಹಿಡಿದು ಓಣಿಯಲ್ಲಿ ಕಾಣಿಸಿಕೊಂಡರು.

"ಎಲ್ಲಿಗೆ ಹೊಂಟೀರಿ ಕಾಕು?"

"ಬೇಡಕಿಹಾಳಕ್ಕ."

"ರೂಪಾಲೀನ ಕರಕೊಂಡ ಬರಾಕ? ಯಾಕ ತ್ರಾಸ ತಗೋತೀರಿ, ಆಕೀನ ಬರಾಕತ್ತಾಳಲ್ರಿ!"

"ಆಕಿ ಹೆಂಗ ಬರ್ತಾಳೋ?" ಲಕ್ಕವ್ವ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ನಾ ಆಕಿಗೆ ಅಂದೆ, ನಿನ್ನ ಗಂಡಾ ಶ್ಯಾಣ್ಯಾ ಅದಾನ, ಇಪ್ಪತ್ಮೂರ ದಿನದಾಗ ಕಲತ. ನಮ್ಮಾಂವ ನಲವತ್ತೆರಡ ವರ್ಷದಾಗ ಕಲತಿಲ್ಲ. ಯಾಕ ಕಲತಿಲ್ಲ? ನಾ ಒಮ್ಮೆನೂ ಬಿಟ್ಟ ಹೋಗಿಲ್ಲ, ಅದಕ್ಕ! ಚಾಚೀದೂ ಅದ ಕತಿ. ಅದಕ್ಕ ಆಕಿ ಅಂದ್ಲು, ಕಾಕು, ಹಂಗಾರ ಇವತ್ತ ನೀವಿಬ್ರೂ ಇಲ್ಲಿಗೆ ಬಂದ ಬಿಡ್ರಿ ಅಂತ. ಮನಿಗೆ ಮಂದಿ ಬರೂವಾಗ ಆಕಿ ಬಿಟ್ಟ ಬಂದ್ರ ಚಂದ ಕಾಣ್ತೈತೇನು?"

ಮಾಸ್ತರ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನೀವು ತಿರಗಿ ಯಾವಾಗ ಬರ್ತೀರಿ?"

"ಇವ್ರಿಬ್ರೂ ತಮ್ಮ ಕೈಲೆ ಮಾಡಿ, ಬಾ ಅಂತ ಕರದ ದಿನಾ" ಎಂದಳು ಖೈರುನ್ನಿಸಾ ಮೆಲ್ಲಗೆ. "ನೀ ಮಾಡಿದಂಗ, ಬೇಟಾ. ಇನ್ಶಾ ಅಲ್ಲಾ."

ಇಬ್ಬರೂ ಹೊಸ ಮದುವಣಗಿತ್ತಿಯರ ಹಾಗೆ ಕಿಲಕಿಲ ನಗುತ್ತ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಮಾಸ್ತರ ಮಾಳಿಗೆಗೆ ಓಡಿದ. ರೂಪಾಲಿಯ ಮೆಸೇಜು ಬಂದು ಕೂತಿತ್ತು. "ಬ್ಯಾಗ್ ಕೆಳಗ ಇಟ್ಟೀನ್ರಿ. ಪಾಪ, ಆ ಇಬ್ರೂ ಎಂದೂ ಎಲ್ಲೂ ಹೋದವರಲ್ಲ. ಅವರು ತಿರಗಿ ಹೊಂಟ ದಿನಾ ಅವರ ಜೋಡಿ ನಾನೂ ಬರ್ತೀನಿ. ನೆನಪ ಆಗಾಕತ್ತೈತ್ರಿ."

ಸೂರ್ಯ ಕಬ್ಬಿನ ಗದ್ದೆಗಳ ಆಚೆ ಇಳಿಯುತ್ತಿದ್ದ. ಹಗಲೂ ರಾತ್ರಿಯೂ ಇನ್ನು ಸಮ ತೂಗುವುದು ಮಾರ್ಚಿನಲ್ಲೇ. ನಾಳೆಯಿಂದ ಡಿಸೆಂಬರಿನ ತನಕ ರಾತ್ರಿ ದಿನಕ್ಕಿಷ್ಟಿಷ್ಟು ಬೆಳೆಯುತ್ತಲೇ ಹೋಗುತ್ತದೆ ಎಂಬುದನ್ನು ಚಿಕ್ಕೋಡಿಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಕೆಳಗೆ ಬಂದು ನಾದುವ ಪರಾತಕ್ಕೆ ಜೋಳದ ಹಿಟ್ಟು ಸುರುವಿ ಗಂಡಸರಿಬ್ಬರ ನಡುವೆ ಇಟ್ಟ. ನಡೆದದ್ದನ್ನೆಲ್ಲ ಹೇಳಿದ. "ಕಾಕಾ, ಎದ್ದ ನಾದ್ರಿ. ಚಾಚಾ, ನೀವು ಒಲೀ ಹಚ್ರಿ. ಈಗ ಕಲತ್ರ ನಾಳಿ ಮುಂಜಾನಿ ಕರೀಬಹುದು."

ಧರೆಪ್ಪ ಎದ್ದು ಕೂತು, ಹಿಟ್ಟಿನೊಳಗೆ ಬೆರಳಿಟ್ಟು, ಬೆರಳು ನೋಡಿಕೊಂಡು, ರುಮಾಲಿಗೆ ಒರೆಸಿಕೊಂಡ. "ಏ, ಲಕ್ಕಿ ಎರಡ ದಿನಾ ಇದ್ದ ಬರ್ತಾಳ ತಗಿ."

"ಬರೂದಿಲ್ರಿ! ನೀವು ಮಾಡೂತನಕಾ ಅವರು ಬರೂದಿಲ್ಲ, ಅವರು ಬರೂತನಕಾ ನನ್ನಾಕಿ ಬರೂದಿಲ್ಲ!"

"ಅರೆ, ಗಡಬಡಿ ಯಾಕ ಮಾಸ್ತರ?" ಹುಸೇನಮಿಯಾ ಲೋಡಿಗೆ ಒರಗಿ, ನಾನಕಟಾಯಿ ಡಬ್ಬಿ ತೆರೆದು ಧರೆಪ್ಪನ ಮುಂದೆ ನೂಕಿದ. "ನಿನ್ನಂಥಾ ಓದಿದಾಂವಗ ಇಪ್ಪತ್ಮೂರ ದಿನಾ ಹಿಡೀತು. ನಾವು ಓದಲಾರದವರು. ಅಲ್ಲೀತನಕಾ ನಿನ್ನ ಮನ್ಯಾಗ ಆರಾಮ ಇರ್ತೀವಿ. ಮೆಹಮಾನ್ ಅಲ್ಲೇನು ನಾವು?"

ಧರೆಪ್ಪ ಮತ್ತೆ ಚಾಪೆಯ ಮೇಲೆ ಅಡ್ಡಾಗಿ ಕಣ್ಣು ಮುಚ್ಚಿದ.

"ಮಾಸ್ತರ," ಎಂದ, "ನನಗ ರೊಟ್ಟಿ ತೆಳ್ಳಗ ಇರ್ಲಿ."